ಮೂರು ಪಟ್ಟಿಯ ಬಾವುಟ, ನಡುವೆ ಒಂದು ತೂತು

ಸಿಡ್ನಿ ವಿಮಾನ ನಿಲ್ದಾಣ

ಮೂವತ್ತೊಂದು ವರ್ಷ ಬಾವುಟ ಹೊಲಿದವಳು ಹೊಸ ಊರಿಗೆ ಹೋದರೆ ಕಣ್ಣು ಮೊದಲು ಮೇಲಕ್ಕೇ ಹೋಗುತ್ತದೆ. ಸಿಡ್ನಿಯಲ್ಲಿ ಇಳಿದು ಹೊರಗೆ ಬಂದಾಗಲೂ ಹಾಗೇ ಆಯಿತು. ಎದುರಿಗೆ ಮೂರು ಕಂಬ, ಮೂರು ಬಾವುಟ. ಸಮುದ್ರದ ಗಾಳಿಗೆ ಮೂರರ ತುದಿಯೂ ಬಿಚ್ಚಿಕೊಂಡು ದಾರ ನೇತಾಡುತ್ತಿತ್ತು. ಹುಬ್ಬಳ್ಳಿಯ ನಮ್ಮ ಖಾದಿ ಕೇಂದ್ರದಲ್ಲಿ ಇಂಥದ್ದು ನನ್ನ ಮೇಜಿನ ಮೇಲೆ ಬಂದಿದ್ದರೆ ಮರಳಿ ಕಳಿಸುತ್ತಿದ್ದೆ. ಮೊದಲ ಹದಿನಾಲ್ಕು ವರ್ಷ ಹೊಲಿಗೆ, ಆಮೇಲೆ ತಪಾಸಣೆ. ಚಕ್ರದ ಅಚ್ಚು ಎರಡೂ ಬದಿಗೆ ಒಂದರ ಮೇಲೊಂದು ಸರಿಯಾಗಿ ಕೂತಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವುದು ನನ್ನ ಕೆಲಸವಾಗಿತ್ತು.

ಹೊರಗೆ ಬರುವುದು ತಡವಾಯಿತು. ವಿಮಾನದಲ್ಲಿ ಕೊಟ್ಟ ಚೀಟಿಯಲ್ಲಿ ಆಹಾರ, ಮರದ ಸಾಮಾನು, ಗಿಡದ ಭಾಗ ಇವೆಯೇ ಎಂದು ಕೇಳಿದ್ದ ಕಡೆಯಲ್ಲೆಲ್ಲ ನಾನು ‘ಹೌದು’ ಎಂದು ಗುರುತು ಹಾಕಿದ್ದೆ. ಶೇಂಗಾ ಚಟ್ನಿಪುಡಿ, ಕಟಕ ರೊಟ್ಟಿ, ಒಂದು ತಕಲಿ, ಜೊತೆಗೆ ಒಂದು ಹಿಡಿ ಹಂಜಿ. ನೂಲುವ ಮುಂಚೆ ಬೆರಳುಗಾತ್ರಕ್ಕೆ ಸುತ್ತಿಟ್ಟ ಹತ್ತಿಯನ್ನು ನಾವು ಹಂಜಿ ಎನ್ನುತ್ತೇವೆ. ತಪಾಸಣೆಯ ಮೇಜಿನ ಹಿಂದೆ ಕೈಗವಸು ಹಾಕಿಕೊಂಡ ಹುಡುಗಿಯೊಬ್ಬಳು ಚಟ್ನಿಪುಡಿ ಮೂಸಿ, ಸೀನಿ, ವಾಪಸು ಕೊಟ್ಟಳು. ರೊಟ್ಟಿಯನ್ನು ಬೆರಳಿನಿಂದ ತಟ್ಟಿ ಇದು ತಿನ್ನುವುದೇ ಎಂದು ಕೇಳಿದಳು. ಹಂಜಿಯನ್ನು ಮಾತ್ರ ಬಿಡಲಿಲ್ಲ. ನಾನು ನನಗೆ ಬರುವ ಇಂಗ್ಲಿಷಿನಲ್ಲಿ ಇದು ದಾರ, ದಾರ ಎಂದೆ. ಇನ್ನೂ ದಾರವಾಗಿಲ್ಲವಲ್ಲ ಎಂದಳು. ಅದೂ ನಿಜ.

ಹೊರಗೆ ನನ್ನ ತಂಗಿ ಗಿರಿಜಾ ಕಾಯುತ್ತಿದ್ದಳು. ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಇಪ್ಪತ್ತೆರಡು ವರ್ಷಗಳಿಂದ ಇಲ್ಲಿಯ ಒಂದು ವೃದ್ಧಾಶ್ರಮದಲ್ಲಿ ಮುದುಕರ ಆರೈಕೆ ಮಾಡುತ್ತಿದ್ದಾಳೆ. ಗಂಡ ಕೆಲಸದ ಮೇಲೆ ಎರಡು ತಿಂಗಳು ಬೇರೆ ಊರಿಗೆ ಹೋಗಿದ್ದರಿಂದ ಅಕ್ಕ ಬರಲಿ ಎಂದು ಟಿಕೆಟ್ ಬುಕ್ ಮಾಡಿದ್ದಳು. ನಾನು ನಿವೃತ್ತಳಾಗಿ ಎಂಟು ತಿಂಗಳಾಗಿತ್ತು. ನನ್ನ ಪಾಸ್‌ಪೋರ್ಟಿಗೆ ಇದೇ ಮೊದಲ ಪ್ರಯಾಣ.

ಕ್ವೇಕರ್ಸ್ ಹಿಲ್

ಗಿರಿಜಾಳ ಮನೆ ಇರುವ ಸಬರ್ಬಿನಲ್ಲಿ ಹಗಲು ಹೊತ್ತಿನಲ್ಲೂ ಬೀದಿಯಲ್ಲಿ ಜನರಿಲ್ಲ. ಮೊದಲ ಎರಡು ದಿನ ಇಲ್ಲಿ ಏನೋ ಹರತಾಳ ಇರಬೇಕು ಎಂದುಕೊಂಡಿದ್ದೆ. ಮನುಷ್ಯರಿಗಿಂತ ಕಸದ ಡಬ್ಬಿಗಳೇ ಹೆಚ್ಚು ಶಿಸ್ತಿನಿಂದ ಸಾಲಾಗಿ ನಿಂತಿರುತ್ತವೆ. ಕೆಂಪು ಮುಚ್ಚಳ, ಹಳದಿ ಮುಚ್ಚಳ, ಹಸಿರು ಮುಚ್ಚಳ. ಯಾವುದರಲ್ಲಿ ಏನು ಹಾಕಬೇಕು, ಯಾವ ವಾರ ಯಾವುದನ್ನು ಹೊರಗಿಡಬೇಕು ಎಂಬುದನ್ನು ಗಿರಿಜಾ ನನಗೆ ಮೂರು ಸಲ ಹೇಳಿಕೊಟ್ಟಳು. ನಾಲ್ಕನೆಯ ಸಲ ಹೇಳಿಕೊಟ್ಟವರು ಪಕ್ಕದ ಮನೆಯ ಹೆಲ್ಗಾ.

ನಾನು ಕೊತ್ತಂಬರಿಯ ದಂಟನ್ನು ಹಳದಿ ಮುಚ್ಚಳದ ಡಬ್ಬಿಗೆ ಹಾಕಿದ್ದೆ. ಎಂಬತ್ತರ ಹತ್ತಿರದ ಹೆಂಗಸು, ಮೋಟು ಬಿಳಿಗೂದಲು, ಬೇಲಿಯ ಆಚೆಯಿಂದ ಬಂದು, ಒಂದು ಮಾತೂ ಆಡದೆ ಡಬ್ಬಿಯೊಳಗೆ ಕೈ ಹಾಕಿ ದಂಟನ್ನು ತೆಗೆದು ಹಸಿರು ಮುಚ್ಚಳದ ಡಬ್ಬಿಗೆ ಹಾಕಿ ಹೋದರು. ನಮ್ಮ ಓಣಿಯಲ್ಲಿ ಹೀಗೆ ಯಾರಾದರೂ ಮಾಡಿದ್ದರೆ ಆರು ತಿಂಗಳು ಮಾತು ಬಿಡುತ್ತಿದ್ದೆವು. ಮರುದಿನ ಅದೇ ಹೆಂಗಸು ಸೇಬು ಹಾಕಿ ಬೇಯಿಸಿದ ಕೇಕು ಹಿಡಿದು ಬಂದರು. ನನ್ನ ಹೆಗಲ ಮೇಲಿದ್ದ ಖಾದಿ ಶಾಲನ್ನು ನೋಡಿದವರೇ ಅದರ ಅಂಚನ್ನು ಮಗುಚಿ ಹಿಂಬದಿಯ ಹೊಲಿಗೆಯನ್ನು ನೋಡಿದರು. ಬಟ್ಟೆಯನ್ನು ಮೊದಲು ಹಿಂದಿನಿಂದ ನೋಡುವವರು ಯಾರು ಎಂಬುದು ನನಗೆ ಗೊತ್ತು.

ಹೆಲ್ಗಾ ಅವರೂ ಬಾವುಟ ಹೊಲಿದವರೇ. ಜರ್ಮನಿಯ ಲೈಪ್‌ಜಿಗ್ ಎಂಬ ಊರಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಹೊಲಿದಿದ್ದರಂತೆ. ಈ ಮಾತು ಗಿರಿಜಾಳ ಮೂಲಕ ನನಗೆ ತಲುಪಿತು. ಅವಳ ಬಾಯಲ್ಲಿ ಜರ್ಮನಿಯವರೆಲ್ಲ ಹುಬ್ಬಳ್ಳಿಯವರಾಗಿಬಿಡುತ್ತಿದ್ದರು. ನಾನು ಶಾಲೆಯಲ್ಲಿ ಕಲಿತದ್ದನ್ನು ನೆನಪಿಸಿಕೊಂಡು, ಪಶ್ಚಿಮ ಜರ್ಮನಿ, ರಾಜಧಾನಿ ಬಾನ್ ಎಂದೆ. ಹೆಲ್ಗಾ ನಕ್ಕರು. ತಮ್ಮದು ಇನ್ನೊಂದು ಜರ್ಮನಿ, ಈಗ ನಕಾಶೆಯಲ್ಲಿ ಹುಡುಕಿದರೂ ಸಿಗುವುದಿಲ್ಲ ಎಂದರು.

ಆಮೇಲೆ ದಿನವೂ ನಾಲ್ಕು ಗಂಟೆಗೆ ಬೇಲಿಯ ಹತ್ತಿರ ನಮ್ಮ ಮಾತು ನಡೆಯುತ್ತಿತ್ತು. ಗಿರಿಜಾ ಇಲ್ಲದ ದಿನ ಕೈಸನ್ನೆಯೇ ಮಾತು. ನಾನು ಎಷ್ಟು ಬಗೆಯ ಬಾವುಟ ಹೊಲಿದಿದ್ದೇನೆ ಎಂದು ಅವರು ಒಮ್ಮೆ ಕೇಳಿದರು. ಅಳತೆ ಹಲವು, ಬಾವುಟ ಒಂದೇ ಎಂದೆ. ಅದು ಅವರಿಗೆ ಬಹಳ ಸೋಜಿಗವಾಯಿತು. ಅವರ ಅಜ್ಜಿಯ ಮನೆಯ ಕಿಟಕಿಗೆ ಬಾವುಟ ಸಿಕ್ಕಿಸಲು ಒಂದು ಕೋಲು ಇತ್ತಂತೆ. ಅಜ್ಜಿಯ ಕಾಲದಲ್ಲಿ ಅದೇ ಕೋಲಿಗೆ ನಾಲ್ಕು ಬೇರೆ ಬೇರೆ ಬಾವುಟ ಏರಿದವು. ಚಕ್ರವರ್ತಿ ಹೋದಾಗ ಒಂದು ಇಳಿಯಿತು, ಹಿಟ್ಲರ್ ಬಂದಾಗ ಇನ್ನೊಂದು. ಯುದ್ಧ ಸೋತ ಮೇಲೆ ಅವನ ಕೆಂಪು ಬಾವುಟಗಳನ್ನು ಊರಿನ ಹೆಂಗಸರು ಬಿಸಾಡಲಿಲ್ಲ. ಬಟ್ಟೆಯೇ ಸಿಗದ ಕಾಲ. ನಡುವಿನ ಬಿಳಿ ವೃತ್ತವನ್ನು ಬಿಚ್ಚಿ ತೆಗೆದು ಕೆಂಪು ಬಟ್ಟೆಯಲ್ಲಿ ಮಕ್ಕಳಿಗೆ ಲಂಗ ಹೊಲಿದರು. ಹೆಲ್ಗಾ ಶಾಲೆಗೆ ಹಾಕಿಕೊಂಡು ಹೋದ ಮೊದಲ ಲಂಗವೂ ಅದರದೇ. ಅದರ ಹಿಂಭಾಗದಲ್ಲಿ ಬಿಸಿಲು ಬೀಳದ ಜಾಗ ಗುಂಡಗೆ, ಉಳಿದದ್ದಕ್ಕಿಂತ ಗಾಢ ಕೆಂಪಾಗಿ ಕಾಣುತ್ತಿತ್ತಂತೆ.

ಈ ಕತೆಯನ್ನು ಅವರು ದುಃಖದಿಂದ ಹೇಳಲಿಲ್ಲ. ನಾವು ಹಳೆಯ ಪಂಚೆಯಿಂದ ಕೈವಸ್ತ್ರ ಮಾಡಿದ್ದನ್ನು ಹೇಳುವ ಹಾಗೆ ಹೇಳಿದರು.

ಪ್ಯಾರಮಟ್ಟಾ

ಸೆಪ್ಟೆಂಬರ್ ಕೊನೆಯಲ್ಲಿ ಹೆಲ್ಗಾ ಮೆಲ್ಬರ್ನಿಗೆ ಹೊರಟರು. ಅಲ್ಲಿ ಅವರ ಅಣ್ಣ ಇದ್ದಾರೆ. ಅಕ್ಟೋಬರ್ ಮೂರು ಎರಡೂ ಜರ್ಮನಿಗಳು ಒಂದಾದ ದಿನ. ಅಂದು ಅಣ್ಣನ ಮನೆಯಲ್ಲಿ ಆ ಕಡೆಯ ಹತ್ತಾರು ಹಳಬರು ಸೇರಿ ಊಟ ಮಾಡುತ್ತಾರೆ. ನಾನೂ ಗಿರಿಜಾಳೂ ಅದೇ ಹೊತ್ತಿಗೆ ಮೆಲ್ಬರ್ನಿಗೆ ಹೋಗುವವರಿದ್ದೆವು. ಗಿರಿಜಾಳ ಮಗಳು ಮೇಘಾ ಅಲ್ಲಿ ಕೆಲಸದಲ್ಲಿದ್ದಾಳೆ. ಹೆಲ್ಗಾ ನಮ್ಮನ್ನೂ ಊಟಕ್ಕೆ ಕರೆದು, ಬೇಲಿಯ ಮೇಲಿಂದ ಒಂದು ಬಟ್ಟೆಯ ಚೀಲ ಕೊಟ್ಟು ಹೋದರು. ನಾನು ಆಗ ಸ್ನಾನಕ್ಕೆ ಹೋಗಿದ್ದೆ. ಅವರು ಹೇಳಿದ್ದನ್ನು ಗಿರಿಜಾ ಹೀಗೆ ತಲುಪಿಸಿದಳು:

“ಮೂರು ಬಾವುಟ ಅದಾವು. ಎರಡಕ್ಕ ಅಂಚು ಹೊಲದ್ರ ಸಾಕಂತ. ಮೂರನೇದಕ್ಕ ಮಾತ್ರ, ನಿಮ್ಮಕ್ಕಗ ಹೆಂಗ ತಿಳೀತೈತಿ ಹಂಗ ಮಾಡ್ಲಿ ಅಂದ್ರು.”

ಎರಡು ಸಣ್ಣವನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ. ಮೂರನೆಯದು ದೊಡ್ಡದು. ಮೇಲೆ ಕಪ್ಪು, ನಡುವೆ ಕೆಂಪು, ಕೆಳಗೆ ಬಂಗಾರದ ಹಳದಿ. ಹತ್ತಿಯಲ್ಲ, ನೈಲಾನ್ ಜಾತಿಯ ಬಟ್ಟೆ. ಬಣ್ಣ ಮಾಸಿತ್ತು. ಸರಿಯಾಗಿ ನಟ್ಟನಡುವೆ, ಊಟದ ತಟ್ಟೆಯಷ್ಟು ದೊಡ್ಡ ತೂತು.

ಅದು ಹುಳ ತಿಂದ ತೂತಲ್ಲ, ಗಾಳಿಗೆ ಹರಿದದ್ದೂ ಅಲ್ಲ. ಕತ್ತರಿಯಿಂದ ಕತ್ತರಿಸಿದ್ದು, ಅದೂ ಮೊಂಡು ಕತ್ತರಿಯಿಂದ. ಅಂಚು ಹಲ್ಲುಹಲ್ಲಾಗಿತ್ತು; ಅಲ್ಲಲ್ಲಿ ಹಳೆಯ ಹೊಲಿಗೆಯ ಬೂದು ದಾರದ ತುಂಡುಗಳೂ ಉಳಿದಿದ್ದವು. ಅಲ್ಲಿ ಏನೋ ಒಂದನ್ನು ಹೊಲಿದಿದ್ದರು ಎಂಬುದು ನನಗೆ ಆಗಲೇ ತಿಳಿಯಿತು. ಹೆಲ್ಗಾ ಅವರಿಗೆ ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಬಾವುಟದ ನಡುಭಾಗವನ್ನು ನೋಡುವುದೇ ಹದಿನೇಳು ವರ್ಷ ನನ್ನ ಕೆಲಸವಾಗಿತ್ತು. ನಡು ಇಲ್ಲದ ಬಾವುಟ ನನ್ನ ಕೈಗೆ ಬಂದಿತ್ತು, ಜೊತೆಗೆ ‘ತಿಳಿದ ಹಾಗೆ ಮಾಡಲಿ’ ಎಂಬ ಮಾತೂ ಬಂದಿತ್ತು. ಅದನ್ನು ಹೊಗಳಿಕೆ ಎಂದುಕೊಂಡೆ. ಇನ್ನೊಬ್ಬ ಹೊಲಿಗೆಯವಳಿಗೆ ಹುಬ್ಬಳ್ಳಿಯ ಕೈ ಏನೆಂದು ತೋರಿಸಬೇಕು ಎನ್ನಿಸಿತು. ಬೇರೆ ಕಾರಣ ಏನೂ ಇರಲಿಲ್ಲ.

ತೂತು ಮೂರೂ ಪಟ್ಟಿಗಳ ಮೇಲೆ ಹಾದುಹೋಗಿದ್ದರಿಂದ ತೇಪೆಯೂ ಮೂರು ಬಣ್ಣದ್ದಾಗಬೇಕಿತ್ತು. ಬಟ್ಟೆ ಹುಡುಕಲು ಪ್ಯಾರಮಟ್ಟಾಕ್ಕೆ ಹೋದೆವು. ರೈಲಿನಿಂದ ಇಳಿದ ಕೂಡಲೇ ನಾನು ತಪ್ಪು ಗೇಟಿನ ಕಡೆ ನುಗ್ಗಿ, ಕಾರ್ಡು ತೋರಿಸುವುದು ಗೊತ್ತಾಗದೆ, ಹಿಂದೆ ಹತ್ತು ಜನರನ್ನು ನಿಲ್ಲಿಸಿದೆ. ಯಾರೂ ಬೈಯಲಿಲ್ಲ; ನಾನು ಅಡ್ಡ ನಿಂತಿದ್ದಕ್ಕೆ ಅವರೇ ‘ಸಾರಿ’ ಎನ್ನುತ್ತ ಪಕ್ಕದ ಗೇಟಿಗೆ ಹೋದರು. ಈ ಊರಿನ ಬಟ್ಟೆ ಅಂಗಡಿಗಳಲ್ಲಿ ಬಟ್ಟೆ ಎಂದರೆ ಹೊಲಿದು ಮುಗಿದದ್ದು. ಬರೀ ಬಟ್ಟೆ ಕೇಳಿದರೆ ಪಿಳಿಪಿಳಿ ನೋಡುತ್ತಾರೆ. ಕೊನೆಗೆ ಒಂದು ಸೀರೆ ಅಂಗಡಿಯಲ್ಲಿ ಕೆಂಪಿಗೆ ಸೀರೆಯ ಫಾಲ್, ಹಳದಿಗೆ ಒಂದು ಕುಪ್ಪಸದ ತುಂಡು ಸಿಕ್ಕಿತು. ಕಪ್ಪು ಎಲ್ಲಿಯೂ ಹೊಂದಲಿಲ್ಲ. ಗಾಳಿಗೆ ಮುರಿದುಹೋಗಿದ್ದ ಗಿರಿಜಾಳ ಛತ್ರಿಯ ಬಟ್ಟೆ ಹೊಂದಿತು.

ಮೂರನ್ನೂ ಒಗೆದು ಒಗೆದು ಬಿಸಿಲಿಗೆ ಹಾಕಿ ಮಾಸಿಸಿದೆ. ತೂತಿನ ಹಲ್ಲುಹಲ್ಲಾದ ಅಂಚನ್ನು ಒಂದು ಬೆರಳಿನಷ್ಟು ಕತ್ತರಿಸಿ ತೆಗೆದು ಗುಂಡಗೆ ಮಾಡಿದೆ. ಬೂದು ದಾರದ ತುಂಡುಗಳನ್ನು ಸೂಜಿಯಿಂದ ಕಿತ್ತೆ. ಕಸವನ್ನು ಕೆಂಪು ಮುಚ್ಚಳದ ಡಬ್ಬಿಗೆ ಹಾಕಿದೆ. ಆ ವೇಳೆಗೆ ಡಬ್ಬಿಯ ಲೆಕ್ಕ ನನಗೆ ಬಾಯಿಪಾಠವಾಗಿತ್ತು. ಮೂರು ದಿನ ಹೊಲಿದೆ. ಮುಗಿದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದರೆ ಜೋಡಣೆ ಎಲ್ಲಿದೆ ಎಂದು ಗಿರಿಜಾಳಿಗೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ ಅಂದು ಬಹಳ ಸಂತೋಷಪಟ್ಟೆ.

ಆಲ್ಬರಿ

ಸಿಡ್ನಿಯಿಂದ ಮೆಲ್ಬರ್ನಿಗೆ ವಿಮಾನದಲ್ಲಿ ಒಂದೂವರೆ ಗಂಟೆ. ನನಗೆ ದೇಶ ನೋಡಬೇಕಿತ್ತು; ಹಗಲಿನ ರೈಲು ಹಿಡಿದೆವು. ಹನ್ನೊಂದು ಗಂಟೆಯ ದಾರಿ. ಚಹಾ ಮಾರುವವರಿಲ್ಲ, ಎದುರಿಗೆ ಕೂತವರು ಯಾವೂರು ಎಂದು ಕೇಳುವುದಿಲ್ಲ. ನಾನು ರೊಟ್ಟಿ ಮುರಿದಾಗ ಆದ ಸದ್ದಿಗೆ ಇಡೀ ಬೋಗಿ ತಿರುಗಿ ನೋಡಿತು. ಆಮೇಲೆ ಚೂರು ಚೂರಾಗಿ ಬಾಯಲ್ಲಿ ನೆನೆಸಿ ತಿಂದೆ.

ಹೊರಗೆ ಹುಲ್ಲು, ಕುರಿ, ನೀಲಗಿರಿ ಮರ. ಮತ್ತೆ ಹುಲ್ಲು, ಕುರಿ. ಗಂಟೆಗಟ್ಟಲೆ ಒಂದು ಮನೆಯೂ ಕಾಣುವುದಿಲ್ಲ. ನಮ್ಮ ಕಡೆ ಹುಬ್ಬಳ್ಳಿಯಿಂದ ಗದಗಕ್ಕೆ ಹೋಗುವಷ್ಟರಲ್ಲಿ ಎಷ್ಟು ಊರು, ಎಷ್ಟು ಗುಡಿ, ಎಷ್ಟು ಜಗಳ ದಾಟುತ್ತೇವೆ ಎಂದುಕೊಂಡೆ.

ಮಧ್ಯಾಹ್ನದ ಮೇಲೆ ಆಲ್ಬರಿ ಎಂಬ ನಿಲ್ದಾಣ ಬಂತು. ಪ್ಲಾಟ್‌ಫಾರ್ಮ್ ಮುಗಿಯುವುದೇ ಇಲ್ಲ, ಅಷ್ಟು ಉದ್ದ. ಕಾರಣವನ್ನು ಟಿಕೆಟ್ ನೋಡುವ ಹಿರಿಯರು ಹೇಳಿದರು. ಮೊದಲು ಸಿಡ್ನಿ ಇರುವ ಪ್ರಾಂತ್ಯದ, ಮೆಲ್ಬರ್ನ್ ಇರುವ ಪ್ರಾಂತ್ಯದ ಹಳಿಗಳ ಅಗಲ ಬೇರೆ ಬೇರೆ ಇತ್ತು. ಸಿಡ್ನಿಯ ರೈಲು ಮುಂದೆ ಹೋಗುವಂತಿರಲಿಲ್ಲ, ಮೆಲ್ಬರ್ನಿನ ರೈಲು ಈಚೆ ಬರುವಂತಿರಲಿಲ್ಲ. ಎಲ್ಲರೂ ಗಂಟುಮೂಟೆ ಹೊತ್ತು ಇಲ್ಲಿ ಇಳಿದು ಆ ಬದಿಯ ರೈಲು ಹತ್ತಬೇಕಿತ್ತು. ಒಂದೇ ರಾಣಿಯ ಪ್ರಜೆಗಳು, ಒಂದೇ ಭಾಷೆ, ಆದರೂ ಹಳಿಯ ಅಗಲದಲ್ಲಿ ಯಾರೂ ಬಗ್ಗಲಿಲ್ಲ. ಹಳಿ ಸರಿಮಾಡಲು ಬಹಳ ವರ್ಷ ಹಿಡಿಯಿತಂತೆ.

ಕ್ರೇಗಿಬರ್ನ್

ಮೇಘಾಳ ಮನೆ ಮೆಲ್ಬರ್ನಿನ ಉತ್ತರಕ್ಕೆ ಕ್ರೇಗಿಬರ್ನಿನಲ್ಲಿದೆ. ಹೊಸ ಮನೆಗಳು, ಎಲ್ಲಾ ಒಂದೇ ಅಚ್ಚಿನವು. ಬೆಳಿಗ್ಗೆ ಅಡ್ಡಾಡಲು ಹೋಗಿ ಬಂದು ಬೇರೆಯವರ ಬಾಗಿಲಿನ ಗಂಟೆ ಒತ್ತಿದೆ. ತೆರೆದ ಪಂಜಾಬಿ ಅಜ್ಜ ಹಿಂದಿಯಲ್ಲಿ ಮಾತಾಡಿಸಿ, ತಾನೂ ಬಂದ ಹೊಸದರಲ್ಲಿ ಎರಡು ಸಲ ಹೀಗೆ ಮಾಡಿದ್ದೆ ಎಂದು ಹೇಳಿ ಕರೆದುಕೊಂಡು ಬಂದು ಬಿಟ್ಟ.

ಮೇಘಾಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಅಂದು ಅಕ್ಟೋಬರ್ ಎರಡು. ನಾನು ನನ್ನ ಕೈಕೆಲಸ ತೋರಿಸೋಣ ಎಂದು ಬಾವುಟವನ್ನು ಅವಳ ಸೋಫಾದ ಮೇಲೆ ಹರಡಿ, ತೂತು ಎಲ್ಲಿತ್ತು ಹೇಳು ನೋಡೋಣ ಎಂದೆ. ತೂತು ಎಷ್ಟು ದೊಡ್ಡದಿತ್ತು, ಎಲ್ಲಿತ್ತು ಎಂದು ಅವಳೇ ಕೇಳತೊಡಗಿದಳು. ಆಮೇಲೆ ಫೋನಿನಲ್ಲಿ ಏನೋ ಹುಡುಕಿ ನನ್ನ ಮುಂದೆ ಹಿಡಿದಳು.

ಒಂದು ಊರಿನ ಚೌಕ. ಚಳಿಯ ಕೋಟು ಹಾಕಿದ ಸಾವಿರಾರು ಜನ. ಅವರ ತಲೆಯ ಮೇಲೆ ಇದೇ ಕಪ್ಪು, ಕೆಂಪು, ಹಳದಿಯ ಬಾವುಟಗಳು. ಕೆಲವುದರ ನಡುವೆ ದೊಡ್ಡ ತೂತು. ತೂತಿನೊಳಗಿಂದ ಹಿಂದಿನ ಮನೆಗಳ ಕಿಟಕಿಗಳು ಕಾಣುತ್ತಿದ್ದವು. ಮೇಘಾ ಓದಿ ಹೇಳಿದಳು. ಪೂರ್ವ ಜರ್ಮನಿಯ ಬಾವುಟದ ನಡುವೆ ಸುತ್ತಿಗೆ, ಕೈವಾರ, ಸುತ್ತ ತೆನೆಗಳ ಲಾಂಛನ ಇತ್ತು. ೧೯೮೯ರಲ್ಲಿ ಸರ್ಕಾರದ ವಿರುದ್ಧ ಎದ್ದ ಜನ ಆ ಲಾಂಛನವನ್ನೇ ಕತ್ತರಿಸಿ ತೆಗೆದು ಬಾವುಟ ಹಿಡಿದು ಬೀದಿಗೆ ಬಂದರು.

“ದೊಡ್ಡಮ್ಮಾ, ಇದು ಡ್ಯಾಮೇಜ್ ಅಲ್ಲ,” ಎಂದಳು ಮೇಘಾ. ಅಷ್ಟನ್ನು ಮಾತ್ರ ಕನ್ನಡದಲ್ಲಿ ಹೇಳಿದಳು.

ನಾನು ಕೂತೆ. ಗಿರಿಜಾ ಚಹಾ ತಂದಳು. ಊಟ ಮುಗಿಯುವವರೆಗೆ ಏನೂ ಹೇಳುವುದು ಬೇಡ, ಆಮೇಲೆ ನೋಡಿದರಾಯಿತು ಎಂದಳು. ಬಟ್ಟೆ ಪೂರಾ ಜೀರ್ಣವಾಗಿತ್ತು, ಹೊಲಿಯದಿದ್ದರೆ ಹರಿದೇ ಹೋಗುತ್ತಿತ್ತು ಎಂದು ಹೇಳಬಹುದು ಎಂಬುದು ಮೇಘಾಳ ಸಲಹೆ. ನಾನು ಬಿಚ್ಚಲು ಕೂತೆ. ಎರಡು ಬೆರಳಿನಷ್ಟು ಬಿಚ್ಚಿದ ಮೇಲೆ ಕೈ ನಿಂತಿತು. ತೇಪೆ ಬಿಚ್ಚಿದರೆ ತೂತು ಮರಳಿ ಬರುತ್ತದೆ, ಆದರೆ ಅದು ನನ್ನ ತೂತು. ಗುಂಡಗೆ, ನುಣ್ಣಗೆ, ಬಳೆ ಇಟ್ಟು ಕತ್ತರಿಸಿದ ಹಾಗೆ. ಅವರದು ಸಿಡ್ನಿಯ ಕಸದ ಲಾರಿಯಲ್ಲಿ ಹೋಗಿಯಾಗಿತ್ತು.

ಊರಿನಲ್ಲಿದ್ದಿದ್ದರೆ ಅಂದು ಗಾಂಧಿ ಜಯಂತಿ, ಕೇಂದ್ರದಲ್ಲಿ ಎಲ್ಲರೂ ಸಾಲಾಗಿ ಕೂತು ನೂಲುತ್ತಿದ್ದೆವು. ಆ ದಿನ ಕೂತು ಸುಳ್ಳು ಜೋಡಿಸುವುದು ನನಗೆ ಸರಿಬರಲಿಲ್ಲ. ಬಿಚ್ಚಿದ್ದನ್ನು ಮತ್ತೆ ಹೊಲಿದೆ. ಹೇಗಿದೆಯೋ ಹಾಗೇ ಒಯ್ದು ಹೇಳಿಬಿಡುವುದು ಎಂದು ತೀರ್ಮಾನಿಸಿದೆ.

ಕೋಬರ್ಗ್

ಹೆಲ್ಗಾ ಅವರ ಅಣ್ಣನ ಹೆಸರು ಯೋಹೆನ್. ಅವರು ಇರುವ ಸಬರ್ಬಿನ ಹೆಸರು ಕೋಬರ್ಗ್. ಜರ್ಮನಿಯ ಒಂದು ಊರಿನ ಹೆಸರು, ಯಾವುದೋ ರಾಜಕುಮಾರ ಬಂದದ್ದಕ್ಕೆ ಇಟ್ಟದ್ದಂತೆ. ಅಲ್ಲಿ ನಾನು ನೋಡಿದ್ದು ಇಟಲಿಯವರ ಕಾಫಿ, ಲೆಬನಾನಿನವರ ರೊಟ್ಟಿ ಅಂಗಡಿಗಳು. ಜರ್ಮನ್ ಊರಿನಲ್ಲಿ ಇರುವ ಒಬ್ಬನೇ ಜರ್ಮನ್ ನಾನು, ಅದೂ ಅಸಲು ಕೋಬರ್ಗ್ ಇರುವುದು ನಮ್ಮ ಗಡಿಯ ಆಚೆ, ಪಶ್ಚಿಮದಲ್ಲಿ ಎಂದು ಯೋಹೆನ್ ಬಾಗಿಲಲ್ಲೇ ತಮಾಷೆ ಮಾಡಿದರು. ಎತ್ತರದ ಮನುಷ್ಯ, ಕಿವಿಯಲ್ಲಿ ಯಂತ್ರ, ಅಂದಿಗೆಂದು ಟೈ ಕಟ್ಟಿದ್ದರು. ಲೈಪ್‌ಜಿಗ್‌ನಲ್ಲಿ ಶಾಲಾ ಮಾಸ್ತರರಾಗಿದ್ದವರು. ಹೆಲ್ಗಾ ಒಳಗೆ ಆಲೂಗಡ್ಡೆ ಸುಲಿಯುತ್ತಿದ್ದರು. ಜನ ಬರಲು ಇನ್ನೂ ಎರಡು ಗಂಟೆ ಇತ್ತು. ಬೇಕೆಂದೇ ನಾವು ಬೇಗ ಹೋಗಿದ್ದೆವು. ಮೇಘಾಳಿಗೆ ಕೆಲಸವಿತ್ತು.

ನಾನು ಬಾವುಟವನ್ನು ಊಟದ ಮೇಜಿನ ಮೇಲೆ ಹರಡಿದೆ. ಯೋಹೆನ್ ನಡುವೆ ಅಂಗೈ ಇಟ್ಟು ಸವರಿದರು. ತೂತು ಮಡಿಕೆಯಲ್ಲಿ ಇದೆಯೇನೋ ಎಂದು ಮತ್ತೊಮ್ಮೆ ಸವರಿದರು. ಆಮೇಲೆ ತಂಗಿಯನ್ನು ಕರೆದು ಜರ್ಮನ್ ಭಾಷೆಯಲ್ಲಿ ಏನೋ ಕೇಳಿದರು. ಹೆಲ್ಗಾ ಕೈ ಒರೆಸಿಕೊಂಡು ಬಂದರು. ಬಾವುಟವನ್ನು ಕಿಟಕಿಗೆ ಒಯ್ದರು, ಮಗುಚಿದರು, ಉಗುರಿನಿಂದ ಜೋಡಣೆಯ ಮೇಲೆ ಗೀರುತ್ತ ಸುತ್ತು ಬಂದರು.

ನಾನು ಗಿರಿಜಾಳಿಗೆ ಹೇಳಿದೆ, ನಾನು ಹೇಳುವುದನ್ನು ಒಂದೂ ಬಿಡದೆ ಹೇಳು ಎಂದು. ಕತ್ತರಿಸಿದ ತೂತು ಎಂದು ನನಗೆ ಗೊತ್ತಾಗಿತ್ತು, ಕೇಳಲಿಲ್ಲ. ಅಂಚನ್ನು ನಾನು ಕತ್ತರಿಸಿ ಎಸೆದೆ; ಅದು ಮರಳಿ ಬರುವುದಿಲ್ಲ. ಏನು ತೂತು ಎಂದು ನಿನ್ನೆ ತಿಳಿಯಿತು. ತಪ್ಪಾಯಿತು.

ಯೋಹೆನ್ ಕುರ್ಚಿ ಎಳೆದು ಕೂತರು. ಅವರು ಕೋಪ ಮಾಡಿಕೊಳ್ಳಲಿಲ್ಲ; ಅದಕ್ಕಿಂತ ಕಷ್ಟವಾಗಿತ್ತು ನೋಡಲು. ಗಿರಿಜಾ ಅವರ ಮಾತನ್ನು ಒಂದೊಂದಾಗಿ ತಂದಳು.

“ಬಾವುಟ ಇವರು ಕಲಸ್ತಿದ್ದ ಸಾಲಿದು ಅಂತ. ಪ್ರತಿ ಸಲ ಇವರ ಏರಸ್ತಿದ್ರಂತ. ಜನ ಬೀದಿಗೆ ಇಳದಾಗ ಒಂದ ರಾತ್ರಿ ಮನಿಗೆ ತಂದು, ಇವರವ್ವನ ಅಡಗೀಮನಿ ಕತ್ರಿಲೇ ಕತ್ತರಿಸ್ಯಾರ. ಸಿಕ್ಕಿಬಿದ್ದಿದ್ರ ನೌಕರಿ ಹೋಗ್ತಿತ್ತು, ಜೈಲೂ ಆಗ್ತಿತ್ತು. ದೀಪಾ ಆರಿಸಿ ಕತ್ತಲದಾಗ ಕತ್ತರಿಸಿದ್ದಂತ. ಆ ಅಂಚು ಹಂಗಿದ್ದದ್ದು ಅದಕ್ಕ.”

ನಡುವಿನ ತುಂಡನ್ನು ಒಲೆಗೆ ಹಾಕಿದರಂತೆ. ಖಾದಿಯಾಗಿದ್ದರೆ ಬೂದಿಯಾಗುತ್ತಿತ್ತು. ಆ ಬಟ್ಟೆ ಕರಗಿ ಒಲೆಯ ಕಬ್ಬಿಣಕ್ಕೆ ಅಂಟಿತು. ವಾಸನೆ ಮನೆಯಲ್ಲಿ ಮೂರು ದಿನ ಇತ್ತು. ಸೋಮವಾರ ಸಂಜೆಯ ಮೆರವಣಿಗೆಗೆ ಬಾವುಟವನ್ನು ಕೋಟಿನೊಳಗೆ ಸುತ್ತಿಕೊಂಡು ಹೋಗಿ ಚೌಕದಲ್ಲಿ ಬಿಚ್ಚಿದರು.

ಹೆಲ್ಗಾ ಎದುರಿಗೆ ಬಂದು ಕೂತು ಅಣ್ಣನ ಜೊತೆ ಇಂಗ್ಲಿಷಿನಲ್ಲೇ ಮಾತಾಡಿದರು, ನಮಗೂ ತಿಳಿಯಲಿ ಎಂದಿರಬೇಕು. ಗಿರಿಜಾ ತಗ್ಗಿದ ದನಿಯಲ್ಲಿ ಕನ್ನಡ ಮಾಡುತ್ತಿದ್ದಳು.

“ಈಕಿ ತಪ್ಪು ಮಾಡಿಲ್ಲ. ಆಕಿ ಏನು ಮಾಡ್ತಾಳ ಅಂತ ನನಗ ಗೊತ್ತಿತ್ತು. ಗೊತ್ತಿದ್ದ ಕೊಟ್ಟೆ, ಅಂತಾರ.”

ಹಗ್ಗ ಹಾಯಿಸುವ ಬದಿಯ ಮಡಿಕೆಯನ್ನು ಹೆಲ್ಗಾ ಬೆರಳಿನಿಂದ ಬಿಡಿಸಿ ಅಣ್ಣನಿಗೆ ತೋರಿಸಿದರು. ಅಲ್ಲಿ ಬೂದು ದಾರದಲ್ಲಿ ಸಣ್ಣದಾಗಿ ಒಂದು ಅಂಕಿ ಹೊಲಿದಿತ್ತು. ತೇಪೆ ಹೊಲಿಯುವಾಗ ನಾನೂ ಅದನ್ನು ಕಂಡು, ಹೊಲಿದವರ ಗುರುತಿರಬೇಕೆಂದು ಮುಟ್ಟದೆ ಬಿಟ್ಟಿದ್ದೆ. ಅದು ಕಾರ್ಖಾನೆಯಲ್ಲಿ ಹೆಲ್ಗಾ ಅವರ ಅಂಕಿ. ಬಾವುಟದ ಪಟ್ಟಿಗಳನ್ನು ಜೋಡಿಸಿ, ಅಚ್ಚು ಹಾಕಿದ ಲಾಂಛನವನ್ನು ನಡುವೆ ಗುಂಡಗೆ ಹೊಲಿದವರು ಅವರೇ. ಅಣ್ಣ ಕತ್ತರಿಸಿ ಒಲೆಗೆ ಹಾಕಿದ್ದು ತಂಗಿಯ ಕೆಲಸವನ್ನು. ಯೋಹೆನ್ ಅವರಿಗೆ ತಂಗಿ ಬಾವುಟದ ಕಾರ್ಖಾನೆಯಲ್ಲಿದ್ದಳು ಎಂದು ಗೊತ್ತಿತ್ತು. ಇಷ್ಟು ವರ್ಷ ಆ ಬಾವುಟ ಅವರ ಮನೆಯ ಕಪಾಟಿನಲ್ಲೇ ಇತ್ತು; ಈಚೆಗಷ್ಟೇ ರಿಪೇರಿಗೆಂದು ಹೆಲ್ಗಾ ಸಿಡ್ನಿಗೆ ಒಯ್ದಿದ್ದರು. ಮಡಿಕೆ ಬಿಡಿಸಿ ನೋಡಿರಲಿಲ್ಲ.

“ಇವ ಮಾಡಿದ್ದು ತಪ್ಪಂತ ನಾ ಹೇಳೂದಿಲ್ಲ,” ಎಂದರು ಹೆಲ್ಗಾ. “ಆ ಮೆರವಣಿಗ್ಯಾಗ ನಾನೂ ಇದ್ದೆ, ಇವನ ಹಿಂದ. ಆ ಸರ್ಕಾರ ಹೋಗಬೇಕಿತ್ತು, ಹೋತು. ಆಮ್ಯಾಲ ನಮ್ಮ ಕಾರ್ಖಾನೀನೂ ಹೋತು. ಹೆಣ್ಮಕ್ಕಳೆಲ್ಲ ಮನಿಗೆ ಹೋದ್ವಿ. ಪ್ರತಿ ವರ್ಷಾ ಇವ ಇಲ್ಲಿ ಕೂತು ಕತಿ ಹೇಳ್ತಾನ, ಎಲ್ಲಾರೂ ತೂತು ನೋಡ್ತಾರ. ಆ ಜಾಗಾದಾಗ ಏನಿತ್ತು, ಯಾರು ಹೊಲದಿದ್ರು ಅಂತ ಒಬ್ಬರೂ ಕೇಳಂಗಿಲ್ಲ.”

ನನಗೆ ಸ್ವಲ್ಪ ಸಿಟ್ಟು ಬಂತು. ನಿನ್ನೆಯಿಂದ ತಪ್ಪಿನ ಭಾರ ಹೊತ್ತವಳು ನಾನು. ಗೊತ್ತಿದ್ದರೆ ತಾವೇ ಹೊಲಿಯಬಹುದಿತ್ತಲ್ಲ, ಕೈ ಇದೆ, ನನ್ನನ್ನೇಕೆ ನಡುವೆ ತಂದಿರಿ ಎಂದು ಗಿರಿಜಾಳ ಮೂಲಕ ಕೇಳಿದೆ. ಅವಳು ಅದನ್ನು ಮೆತ್ತಗೆ ಮಾಡಿಯೇ ಕೇಳಿರಬೇಕು. ಎರಡು ಸಲ ಸೂಜಿ ಹಿಡಿದು ಕೂತಿದ್ದೆ, ಆಗಲಿಲ್ಲ ಎಂದು ಉತ್ತರ ಬಂತು. ಆಮೇಲೆ ನನ್ನ ಕಡೆ ತಿರುಗಿ ಕ್ಷಮೆ ಕೇಳಿದರು. ಅದಕ್ಕೆ ಗಿರಿಜಾ ಬೇಕಾಗಲಿಲ್ಲ.

ಹೆಲ್ಗಾ ಬಾವುಟವನ್ನು ಮತ್ತೆ ಪೂರ್ತಿ ಹರಡಿದರು. ಬಹಳ ಹೊತ್ತು ನೋಡಿ ಹೇಳಿದ್ದನ್ನು ಗಿರಿಜಾ ನನಗೆ ಹೇಳುವ ಮುಂಚೆ ಎರಡು ಸಲ ಕೇಳಿಸಿಕೊಂಡಳು.

“ಲಾಂಛನ ಇಲ್ಲದ ಬರೇ ಬಣ್ಣದಿಂದ ನಡು ತುಂಬಿಸಿದ್ರ ಇದು ಪಶ್ಚಿಮದವರ ಬಾವುಟ ಆಗ್ತೈತಿ. ನಂದೂ ಅಲ್ಲ, ಇವಂದೂ ಅಲ್ಲ. ಪೂರ್ವಾನ ತಮ್ಮೊಳಗ ಸೇರಿಸ್ಕೊಳ್ಳಾಕ ಅವರು ಒಂದು ವರ್ಷ ತಗೊಂಡ್ರು, ನಿಮ್ಮಕ್ಕ ಮೂರು ದಿನದಾಗ ಮಾಡ್ಯಾಳ. ಹೊಲಿಗಿ ಎಲ್ಲಿ ಐತಿ ಅಂತ ಕಾಣಂಗಿಲ್ಲ, ಅಂತಾರ.”

ಅದು ಹೊಗಳಿಕೆಯೋ ಬೈಗುಳವೋ ಗಿರಿಜಾಳಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ನಾನು ತಲೆಬಾಗಿಸಿದೆ.

ಬಿಚ್ಚೋಣ ಎಂದದ್ದು ಯೋಹೆನ್. ಒಂದು ಸಲ ತುಂಬಿದ್ದನ್ನು ನೋಡಬೇಕಿತ್ತು, ನೋಡಿಯಾಯಿತು ಎಂದು ಹೆಲ್ಗಾ ಒಪ್ಪಿದರು. ಮೇಜಿನ ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಹೆಲ್ಗಾ ಕೂತೆವು. ನನ್ನ ಹೊಲಿಗೆಯ ದಾರವನ್ನು ನಾನು ಕಪ್ಪಿನ ಕಡೆಯಿಂದ, ಅವರು ಹಳದಿಯ ಕಡೆಯಿಂದ ಒಂದೊಂದಾಗಿ ಕಿತ್ತೆವು. ಯೋಹೆನ್ ಬಟ್ಟೆ ಜಗ್ಗಿ ಹಿಡಿದಿದ್ದರು. ಕಪ್ಪು ಎಲ್ಲಿಯದು ಎಂದು ಹೆಲ್ಗಾ ಕೇಳಿದರು. ಛತ್ರಿ ಎಂದು ಗಿರಿಜಾ ಹೇಳಿದಾಗ ಮೊದಲು ನಕ್ಕವರು ಯೋಹೆನ್. ತೇಪೆ ಕೈಗೆ ಬಂದಾಗ ಹೆಲ್ಗಾ ಅದನ್ನು ಕಸಕ್ಕೆ ಹಾಕಲು ಬಿಡಲಿಲ್ಲ. ಮಡಚಿ ಏಪ್ರನ್‌ನ ಜೇಬಿಗೆ ಹಾಕಿಕೊಂಡರು.

ಮಧ್ಯಾಹ್ನ ಒಂದಕ್ಕೆ ಜನ ಬಂದರು. ಹದಿಮೂರೋ ಹದಿನಾಲ್ಕೋ ಮಂದಿ, ಎಲ್ಲರೂ ನನಗಿಂತ ಹಿರಿಯರು. ಬಾವುಟವನ್ನು ಗೋಡೆಗೆ ಕಟ್ಟಿದ್ದರು. ತೂತು ಗುಂಡಗಾಗಿದ್ದನ್ನು ಒಬ್ಬ ಮುದುಕ ಗಮನಿಸಿ ಬೆರಳು ತೋರಿಸಿದ. ಯೋಹೆನ್ ನನ್ನನ್ನು ತೋರಿಸಿ ಏನೋ ಹೇಳಿದರು, ಎಲ್ಲರೂ ನನಗೆ ಕೈ ಕುಲುಕಿದರು. ಏಕೆಂದು ಈಗಲೂ ಗೊತ್ತಿಲ್ಲ. ಊಟ ಬಡಿಸಿದ ಮೇಲೆ ಯೋಹೆನ್ ಎದ್ದು ನಿಂತು ಕತೆ ಆರಂಭಿಸಿದರು. ಕೇಳಿ ಕೇಳಿ ಗೊತ್ತಿದ್ದ ಕತೆಯಾದ್ದರಿಂದ ಕೆಲವರು ಆಗಲೇ ಆಲೂಗಡ್ಡೆಗೆ ಕೈ ಹಾಕಿದ್ದರು. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದವರು ಅಲ್ಲೇ ನಿಲ್ಲಿಸಿ, ತಂಗಿಯ ಹೆಸರು ಹಿಡಿದು ಕರೆದು, ಕೂತುಬಿಟ್ಟರು.

ಹೆಲ್ಗಾ ಏಳಲಿಲ್ಲ. ಕೂತಲ್ಲಿಂದಲೇ ಮಾತಾಡತೊಡಗಿದರು, ಜರ್ಮನ್ ಭಾಷೆಯಲ್ಲಿ. ಗಿರಿಜಾಳಿಗೂ ತಿಳಿಯದ ಮಾತು. ಮೊದಮೊದಲು ದನಿ ಸಣ್ಣದಿತ್ತು, ಆಮೇಲೆ ಏರಿತು. ಆಲೂಗಡ್ಡೆಗೆ ಕೈ ಹಾಕಿದವರು ಚಮಚ ಕೆಳಗಿಟ್ಟರು. ಯಾರೋ ನಡುವೆ ಒಂದು ಪ್ರಶ್ನೆ ಕೇಳಿದರು, ಅವರು ಅದಕ್ಕೂ ಉದ್ದ ಉತ್ತರ ಕೊಟ್ಟರು. ಊಟ ತಣ್ಣಗಾಯಿತು.

ನಾನು ಅವರ ಕೈಗಳನ್ನು ನೋಡುತ್ತಿದ್ದೆ. ಹೊಲಿಗೆ ಯಂತ್ರದ ಮುಂದೆ ಕೂತವರಂತೆ ಎಡಗೈ ಮೇಜಿನ ಬಟ್ಟೆಯನ್ನು ಒತ್ತಿ ಹಿಡಿದಿತ್ತು, ಬಲಗೈ ಮುಂದಕ್ಕೆ ನೂಕುತ್ತಿತ್ತು. ಗುಂಡಗೆ ಹೊಲಿಯುವಾಗ ನಾಲ್ಕು ಹೊಲಿಗೆಗೊಮ್ಮೆ ನಿಲ್ಲಬೇಕು. ಸೂಜಿಯನ್ನು ಬಟ್ಟೆಯೊಳಗೇ ಇಳಿಸಿಟ್ಟು ಬಟ್ಟೆಯನ್ನು ತುಸು ತಿರುಗಿಸಬೇಕು. ಸೂಜಿ ಮೇಲಿದ್ದಾಗ ತಿರುಗಿಸಿದರೆ ಗೆರೆ ತಪ್ಪುತ್ತದೆ. ಹೆಲ್ಗಾ ಅವರ ಕೈ ಆ ಜಾಗಗಳಲ್ಲಿ ಪ್ರತಿ ಸಲವೂ ನಿಂತು, ತಿರುಗಿ, ಮುಂದೆ ಹೋಗುತ್ತಿತ್ತು.